ಮಳೆಗೆ ಜಾತಿ ಇಲ್ಲ, ಲೈನ್ ಮನೆಗೆ ಇದೆ

ಪ್ರವಾಹ ಬಂದಾಗಲೆಲ್ಲ ಒಂದು ಮಾತು ಕೇಳ್ತೀವಿ: ಪ್ರಕೃತಿಗೆ ಮೇಲು-ಕೀಳು ಇಲ್ಲ ಅಂತ. ಹಾಗಾದ್ರೆ ಕೇರಳದ ಮುನ್ನಾರ್ ಚರಿತ್ರೆಯನ್ನ ಒಮ್ಮೆ ನೋಡೋಣ ಬನ್ನಿ.

1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬ ಬ್ರಿಟಿಷ್ ದೊರೆ ಪೂಂಜಾರ್ ಅರಸರಿಂದ ಕಣ್ಣನ್ ದೇವನ್ ಬೆಟ್ಟಗಳನ್ನು ಗುತ್ತಿಗೆಗೆ ಪಡೆದ. ಕಾಡು ಕಡಿದು ಚಹಾ ಬೆಳೆಯೋಕೆ ಆಳು ಬೇಕಿತ್ತು. ಮುಂಗಡ ಕೊಟ್ಟು ತಮಿಳು ಬಯಲುಸೀಮೆಯಿಂದ ಕಂಗಾಣಿಗಳು ಕರೆತಂದವರಲ್ಲಿ ಹೆಚ್ಚಿನವರು ಭೂಮಿ ಇಲ್ಲದ ನಮ್ಮ ಜನ. ಅವರಿಗೆ ಸಿಕ್ಕಿದ್ದು ಸಾಲಾಗಿ ಕಟ್ಟಿದ ಒಂದೊಂದು ಕೋಣೆ. ಅಲ್ಲಿ ಅದನ್ನ 'ಲಯಂ' ಅಂತಾರೆ, ನಮ್ಮ ಕೊಡಗಿನಲ್ಲಿ ಲೈನ್ ಮನೆ.

1924ರ ಜುಲೈನಲ್ಲಿ ಮಹಾಮಳೆ ಬಂತು. ಕೊಲ್ಲಂ ವರ್ಷ 1099 ಆದ್ದರಿಂದ ಮಲಯಾಳಿಗಳು ಅದನ್ನು '99ರ ಪ್ರವಾಹ' ಅಂತ ನೆನೀತಾರೆ. ಮುನ್ನಾರಿನ ರೈಲುದಾರಿಯೇ ಕೊಚ್ಚಿಹೋಯ್ತು, ಮತ್ತೆಂದೂ ಬರಲಿಲ್ಲ. ಕೂಲಿಗಳು ಮಾತ್ರ ಬೆಟ್ಟದ ಬುಡದಲ್ಲೇ ಉಳಿದರು.

ಬಯಲಲ್ಲಿ ನೀರು ಏರೋಕೆ ಗಂಟೆಗಳು ಬೇಕು, ಬೆಟ್ಟದಲ್ಲಿ ನಿಮಿಷಗಳು ಸಾಕು. ನೀರು ಕುಡಿದು ಭಾರವಾದ ಮಣ್ಣು ಬಂಡೆಗಳ ಸಮೇತ ತೊರೆಯ ದಾರಿ ಹಿಡಿದು ಇಳಿಯುತ್ತದೆ. 2020ರ ಆಗಸ್ಟ್ 6ರ ರಾತ್ರಿ ಪೆಟ್ಟಿಮುಡಿಯ ಲೈನ್ ಮನೆಗಳ ಮೇಲೆ ಹಾಗೇ ಇಳೀತು. 70 ಜನ ಹೋದರು. ಕರೆಂಟ್ ಇಲ್ಲ, ಫೋನ್ ಇಲ್ಲ. ಸುದ್ದಿ ಹೊರಗೆ ಬಂದದ್ದು ಮರುದಿನ ಬೆಳಿಗ್ಗೆ.

ಮರುದಿನ ರಾತ್ರಿಯೇ ಕರಿಪುರದಲ್ಲಿ ವಿಮಾನ ದುರಂತ. ಆ ಸಾವುಗಳೂ ನೋವೇ. ಆದ್ರೆ ಕೇರಳ ಸರ್ಕಾರ ಘೋಷಿಸಿದ ಪರಿಹಾರ ನೋಡಿ: ಅಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ, ಪೆಟ್ಟಿಮುಡಿಯಲ್ಲಿ 5 ಲಕ್ಷ. ಮುಖ್ಯಮಂತ್ರಿ ಕರಿಪುರಕ್ಕೆ ಮರುದಿನವೇ ಹೋದರು; ಪೆಟ್ಟಿಮುಡಿಗೆ ಬಂದದ್ದು ಆಗಸ್ಟ್ 13ಕ್ಕೆ.

'ಅಪಾಯ ಗೊತ್ತಿದ್ದೂ ಯಾಕೆ ಅಲ್ಲೇ ಇದ್ರು?' ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಅವರಿಗೆ ಬೇರೆ ಎಲ್ಲಿ ಜಾಗ ಇತ್ತು ಸ್ವಾಮಿ? ಲೈನ್ ಮನೆ ಕೆಲಸಕ್ಕೆ ಕಟ್ಟಿದ ಹಗ್ಗ. ನಿವೃತ್ತಿಯಾದರೆ ಮನೆ ಬಿಡಬೇಕು. ನಾಲ್ಕೈದು ತಲೆಮಾರು ದುಡಿದರೂ ಹೆಸರಿಗೊಂದು ಗುಂಟೆ ಇಲ್ಲ. ಮುನ್ಸೂಚನೆ ಬಂದರೂ ಓಡಿಹೋಗೋಕೆ ಸ್ವಂತ ನೆಲ ಬೇಕಲ್ಲ!

2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದದ್ದನ್ನ ನಾವೂ ಕಂಡಿದ್ದೀವಿ. ಈ ಸಲದ ಮಳೆಗೆ ಮುಂಚೆ ನಿಮ್ಮೂರಿನ ಲೈನ್ ಮನೆ, ಹಳ್ಳದ ಪಕ್ಕದ ಕೇರಿ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ. ಪಂಚಾಯ್ತಿಗೆ ಅರ್ಜಿ ಹಾಕಿ. ನಾವು ಕೇಳಬೇಕಾದ್ದು ಗಂಜಿ ಕೇಂದ್ರ ಅಲ್ಲ, ಎತ್ತರದ ಜಾಗದಲ್ಲಿ ಹಕ್ಕುಪತ್ರ ಇರೋ ಮನೆ.

ಜೈ ಭೀಮ್.