ಕೌದಿ: ಯಾರ ಕೈ, ಯಾರ ಮಡಿಲು

ಕಳೆದ ಚಳಿಗಾಲ ಬೆಂಗಳೂರಿನ ಒಂದು ಕರಕುಶಲ ಮೇಳದಲ್ಲಿ ಗೋಡೆಗೆ ತೂಗುಹಾಕಿದ್ದ ಕೌದಿಯೊಂದರ ಮುಂದೆ ತುಂಬ ಹೊತ್ತು ನಿಂತೆ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ನಡುವೆ ಇಳಕಲ್ ಸೀರೆಯ ಟೋಪತೆನೆ ಸೆರಗಿನ ಕೆಂಪು ರೇಷ್ಮೆ, ನಾಲ್ಕೂ ಮೂಲೆಗೆ ಗುಳೇದಗುಡ್ಡ ಖಣದ ತುಂಡು, ಹಿಂಬದಿಗೆ ಒಗೆದು ಒಗೆದು ಬೆಣ್ಣೆಯಂತಾದ ಬಿಳಿ ಧೋತರ. ಕೆಳಗಿನ ಚೀಟಿಯಲ್ಲಿ ‘ಶೂನ್ಯ ತ್ಯಾಜ್ಯ ಗೋಡೆ ಅಲಂಕಾರ. ತಯಾರಿಕೆ: ಗ್ರಾಮೀಣ ಮಹಿಳೆಯರು’ ಎಂದಿತ್ತು. ಆ ಅಳತೆಯ ಕೌದಿ ತೊಟ್ಟಿಲಿನದು. ಧೋತರ ಅಜ್ಜನದು, ಸೆರಗು ಅಜ್ಜಿಯದು, ಖಣ ತಾಯಿಯ ಕುಪ್ಪಸದ್ದು ಎಂದು ಉತ್ತರ ಕರ್ನಾಟಕದ ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ನೋಡಿದ ಕೂಡಲೇ ಹೇಳುತ್ತಾಳೆ. ಕೂಸಿನ ಮೈಗೆ ಮನೆತನದ ಹಿರಿಯರೆಲ್ಲ ತಾಗಲಿ ಎಂದು ಯಾರೋ ಹೊಲಿದದ್ದು ಇಲ್ಲಿ ಹೆಸರಿಲ್ಲದ ಅಲಂಕಾರವಾಗಿತ್ತು. ನಲವತ್ತು ವರ್ಷ ಕೌದಿಗಳ ಬೆನ್ನುಹತ್ತಿ ತಿರುಗಿದವಳಿಗೆ ಅದು ಸಹನೆಯಾಗಲಿಲ್ಲ. ಕೌದಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಒಮ್ಮೆ ಸಾಲಾಗಿ ಬರೆಯಬೇಕೆನಿಸಿದ್ದು ಆಗ.

ಹಳೆಯ ಅರಿವೆಯನ್ನು ಜೋಡಿಸಿ ಹೊಲಿದು ಹೊದೆಯುವುದು ಈ ನೆಲದಲ್ಲಿ ಬಹಳ ಹಿಂದಿನದು. ಬಿಸಾಕಿದ ಬಟ್ಟೆಯ ತುಂಡು ಆಯ್ದು ಹೊಲಿದ ಚೀವರ ಬೌದ್ಧ ಭಿಕ್ಷುಗಳದು. ಅದರ ಜೋಡಣೆ ಮಗಧದ ಗದ್ದೆಗಳ ಬದುಗಳಂತಿರಲಿ ಎಂದು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿದೆ. ಸಂಸ್ಕೃತದ ಕಂಥಾ ನಮ್ಮಲ್ಲಿ ಕಂತೆಯಾಯಿತು. ಕಂತೆ, ಬೊಂತೆ ಎರಡೂ ಕೌದಿಯ ಹಳೆಯ ನೆಂಟರು. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿ ಇಬ್ಬರೂ ಇನ್ನೂ ಜೊತೆಗಿದ್ದಾರೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರೇ ಹೊದಿಕೆಯಿಂದ ಬಂದದ್ದು. ಕಾಶ್ಮೀರದ ಮಾಂಡವ್ಯಪುರದ ಅರಸುಮಗಳು ನಿಜದೇವಿ ಎಲ್ಲ ಬಿಟ್ಟು ದಿಗಂಬರೆಯಾಗಿ ಹೊರಟಾಗ ಶಿವನೇ ಒಂದು ಬೊಂತೆ ಕೊಟ್ಟನಂತೆ, ಅದನ್ನು ಹೊದ್ದು ಆಕೆ ಕಲ್ಯಾಣಕ್ಕೆ ಬಂದಳಂತೆ. ಐತಿಹ್ಯವೇ ಇರಲಿ, ಅದರಲ್ಲಿ ಬರುವ ಬೊಂತೆ ಯಾರೂ ಕೊಂಡದ್ದಲ್ಲ, ಕೊಟ್ಟದ್ದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಅಲ್ಲಿಂದ ನಮ್ಮ ಅಜ್ಜಿಯರ ಕಾಲದವರೆಗಿನ ಕೌದಿಗಳು ಉಳಿದಿಲ್ಲ. ಕೌದಿ ಹರಿಯುವವರೆಗೆ ಮೈಮೇಲಿರುವ ವಸ್ತು. ಹರಿದದ್ದು ಹೊಸ ಕೌದಿಯ ಒಳಪದರವಾಗುತ್ತದೆ, ಇಲ್ಲವೇ ಸತ್ತವರ ಜೊತೆ ಹೋಗುತ್ತದೆ. ಉಳಿದದ್ದು ಪದ್ಧತಿ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಲ್ಲಿ ಅಸ್ತರದ ಸೀರೆ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ, ಮೇಲೆ ಹಳೆಯ ಅರಿವೆ ಪದರ ಪದರವಾಗಿ ಹರವಿ, ತುಂಡುಗಳ ಅಂಚು ಒಳಗೆ ಮಡಚುತ್ತ ದಬ್ಬಣದಿಂದ ಸಾಲುಹೊಲಿಗೆ ಹಾಕುವುದು. ನಮ್ಮ ಆಯಿ ಹೊಲಿದ ಒಂದು ಕೌದಿಯಲ್ಲಿ ಗೇಣಿಗೆ ಇಪ್ಪತ್ತೆರಡು ಹೊಲಿಗೆ ಎಣಿಸಿದ್ದೇನೆ. ಕೊನೆಯ ತುಂಡು ಮುಚ್ಚುವ ಮುನ್ನ ಆಕೆ ಒಣಗಿದ ರೊಟ್ಟಿಯ ಚೂರೊಂದನ್ನು ಒಳಗಿಡುತ್ತಿದ್ದಳು. ಯಾಕೆ ಅಂದರೆ, “ಹಸದ ಹಾಸಗಿ ಕೂಸಿಗೆ ನಿದ್ದಿ ಕೊಡಂಗಿಲ್ಲವಾ” ಎನ್ನುತ್ತಿದ್ದಳು. ಕೌದಿಗೂ ಹೊಟ್ಟೆಯುಂಟು, ಅದು ತುಂಬಿರಬೇಕು ಎಂಬ ನಂಬಿಕೆ ಗೋಧಡಿ ಹೊಲಿಯುವ ಮರಾಠಿ ಮನೆಗಳಲ್ಲೂ ಇದೆ.

ಕೊಡುವುದಕ್ಕೂ ಕ್ರಮವಿತ್ತು. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತೊಟ್ಟಿಲ ಜೊತೆ ಚಿಕ್ಕ ಕೌದಿ, ಕುಂಚಿಗೆ, ಕುಲಾವಿ. ಮದುವೆಯ ಹಾಸಿಗೆಗೆ ದೊಡ್ಡ ಕೌದಿ. ಮಠದಲ್ಲಿ ಓದುವ ಹುಡುಗರಿಗೆ ಒಂದು, ವರ್ಷವೆಲ್ಲ ಹೊಲದಲ್ಲಿ ದುಡಿದ ಆಳಿನ ಮನೆಗೆ ಒಂದು. ಕೈಲಾಗದ ಮನೆಗಳಲ್ಲಿ ಗೊಂದಲಿಗರಂಥ ಅಲೆಮಾರಿ ಸಮುದಾಯದ ಹೆಣ್ಣುಮಕ್ಕಳು ಬಂದು ಕಟ್ಟೆಯ ಮೇಲೆ ಕೂತು ಹೊಲಿದುಕೊಟ್ಟು ಜೋಳ, ಕೂಲಿ ಪಡೆಯುತ್ತಿದ್ದರು. ಹೊಲಿಗೆಗೆ ಕೂಲಿಯಿತ್ತು; ಕೌದಿಗೆ ಬೆಲೆ ಇರಲಿಲ್ಲ. ಮಹಾನವಮಿಯ ಮುಂಚೆ ಕೌದಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋಗಿ, ಒಗೆದು ಹಳ್ಳದ ದಂಡೆಯಲ್ಲಿ ಒಣಹಾಕಿದಾಗ ಇಡೀ ಊರಿನ ಬಾಂಧವ್ಯ ಬಂಡೆಗಳ ಮೇಲೆ ಬಿಚ್ಚಿಕೊಂಡಿರುತ್ತಿತ್ತು.

ಸ್ವಾತಂತ್ರ್ಯದ ನಂತರದ ಕರಕುಶಲ ಪುನರುಜ್ಜೀವನ ಕೌದಿಯನ್ನು ಕಾಣದೆ ಮುಂದೆ ಹೋಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮುಂದಾಳತ್ವದಲ್ಲಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಬಂತು. ಆ ದೊಡ್ಡ ಜೀವ ಮಾಡಿದ ಕೆಲಸಕ್ಕೆ ಸಾಟಿಯಿಲ್ಲ. ಆದರೆ ಆ ಯುಗದ ಯೋಜನೆಗಳಿಗೆ ಮಾರಬಹುದಾದ ವಸ್ತು ಬೇಕಿತ್ತು. ಉಟ್ಟು ಹಳತಾದ ಸೀರೆಗೆ ಯಾರು ಬೆಲೆ ಕಟ್ಟಿಯಾರು? ಮುಂದೆ ಕಸೂತಿಗೆ, ನವಲಗುಂದದ ಜಮಖಾನೆಗೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಬಂದಾಗಲೂ ಕೌದಿಯ ಸರದಿ ಬಂದಿರಲಿಲ್ಲ.

ಹಳೆ ಬಟ್ಟೆಯಿಂದಲೇ ಹೊಲಿಯುವ ಬಂಗಾಳದ ಕಾಂಥಾದ ಅದೃಷ್ಟ ಬೇರೆ. ಗುರುಸದಯ ದತ್ತ ಎಂಬ ಐಸಿಎಸ್ ಅಧಿಕಾರಿ ಹಳ್ಳಿಹಳ್ಳಿ ತಿರುಗಿ ಕಾಂಥಾಗಳನ್ನು ಕೂಡಿಹಾಕಿದರು. ಕೋಲ್ಕತ್ತದ ಜೋಕಾದಲ್ಲಿ ಅವರ ಹೆಸರಿನ ಸಂಗ್ರಹಾಲಯದಲ್ಲಿ ಹತ್ತೊಂಬತ್ತನೆಯ ಶತಮಾನದ ಮಾನದಾಸುಂದರಿ ಎಂಬಾಕೆಯ ಕಾಂಥಾ ಇದೆ. ತನ್ನ ತಂದೆಗಾಗಿ ತಾನೇ ಹೊಲಿದದ್ದು ಎಂದು ಆಕೆ ಅದರ ಮೇಲೆಯೇ ದಾರದಲ್ಲಿ ಬರೆದಿದ್ದಾಳೆ. ಯಾರ ಕೈ, ಯಾರಿಗೆ ಎಂಬ ಎರಡೂ ಉತ್ತರ ಅಲ್ಲಿವೆ. ನಮಗೆ ಒಬ್ಬ ದತ್ತರು ಸಿಗಲಿಲ್ಲ. ಅಕ್ಷರ ಕಲಿಯದ ನಮ್ಮ ಆಯಂದಿರಿಗೆ ಹೆಸರು ಹೊಲಿಯುವ ದಾರಿ ಇರಲಿಲ್ಲ.

ನಮ್ಮ ತಲೆಮಾರಿನ ಕೆಲಸ ಆರಂಭವಾದದ್ದು ಈ ಕೊರತೆಯಿಂದ. 1983ರಲ್ಲಿ ನಾನು ಬಾದಾಮಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಶಿಕ್ಷಕಿಯಾಗಿ ಹೋದೆ. ಶಾಲೆಯ ಮಕ್ಕಳ ಮನೆಗಳಿಗೆ ಹೋದಾಗ ಕೂರಲು ಹಾಸುತ್ತಿದ್ದ ಕೌದಿಯ ಮೇಲೆ ಬೆರಳಿಟ್ಟು “ಇದು ಯಾರ ಸೀರಿ ಅವ್ವಾ?” ಎಂದು ಕೇಳುವ ಚಾಳಿ ಹತ್ತಿತು. ಒಂದು ತುಂಡಿನಿಂದ ಒಂದು ಮನೆತನದ ಕಥೆ ಹೊರಡುತ್ತಿತ್ತು. ಗೆಳತಿಯರು ಹತ್ತು ಹನ್ನೆರಡು ಜನ ಸೇರಿಕೊಂಡೆವು. 1989ರಲ್ಲಿ ಮಹಿಳಾ ಸಮಾಖ್ಯಾ, 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೂಡಿ ಕೂರುವ ರೂಢಿ ಬೆಳೆದದ್ದು ನಮಗೆ ದೊಡ್ಡ ಬಲವಾಯಿತು. ಸಂಘದ ಸಭೆಗೆ ಬರುವವರು ಕೈಯಲ್ಲಿ ದಬ್ಬಣ ಹಿಡಿದೇ ಬರುತ್ತಿದ್ದರು.

ಆಗ ಎರಡು ದಾರಿ ಒಡೆದವು. ಒಂದು, ಕೌದಿ ಹೊಲಿದು ಪಟ್ಟಣದಲ್ಲಿ ಮಾರುವುದು. ಇದರಿಂದ ಅನೇಕ ಮನೆಗಳ ಒಲೆ ಉರಿದಿದೆ, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ಇನ್ನೊಂದು, ನಾವು ಹಿಡಿದ ದಾರಿ: ಮೊದಲು ಯಾರಿಗೆ ಎಂದು ಗೊತ್ತುಮಾಡಿಕೊಂಡು ಆಮೇಲೆ ಹೊಲಿಯುವುದು. ತಾಯಿಯಿಲ್ಲದ ಬಾಣಂತಿಗೆ, ವಿದ್ಯಾರ್ಥಿನಿಲಯ ಸೇರಿದ ಹುಡುಗಿಗೆ, ಒಬ್ಬಂಟಿ ಮುದುಕರಿಗೆ. ಪ್ರತಿ ಕೌದಿಯ ಹಿಂಬದಿ ಮೂಲೆಯಲ್ಲಿ ಬಿಳಿ ಪಟ್ಟಿಯೊಂದನ್ನು ಹೊಲಿದು ಹೊಲಿದವರ ಹೆಸರು, ಪಡೆಯುವವರ ಹೆಸರು, ಊರು, ವರ್ಷ ಬರೆಯುತ್ತಿದ್ದೆವು. ಸಹಿ ಕಲಿಯಲು ಒಲ್ಲೆನೆಂದ ಎಷ್ಟೋ ಜನ ಈ ಪಟ್ಟಿಗಾಗಿ ತಮ್ಮ ಹೆಸರು ಬರೆಯಲು ಕಲಿತರು. ನನ್ನ ಮಟ್ಟಿಗೆ ಕೌದಿಯ ಇತ್ತೀಚಿನ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ನಡೆದಿಲ್ಲ.

2009ರ ಅಕ್ಟೋಬರ್ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಈ ದಾರಿಯ ಪರೀಕ್ಷೆಯಾಯಿತು. ಲಾರಿಗಟ್ಟಲೆ ಹಳೆ ಬಟ್ಟೆ ಬಂತು. ಶಾಲೆಯ ಅಂಗಳದಲ್ಲಿ ಸುರಿದು ಹೋದ ರಾಶಿಯನ್ನು ಮನೆ ಕಳೆದುಕೊಂಡವರು ದೂರದಿಂದ ನೋಡಿ ಹಿಂದೆ ಸರಿದರು. ಇನ್ನೊಬ್ಬರು ಎಸೆದದ್ದನ್ನು ಬಾಗಿ ಆಯ್ದುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ. ನಾವು ಆ ರಾಶಿಯಿಂದ ಹತ್ತಿಯ ಸೀರೆಗಳನ್ನು ಬೇರ್ಪಡಿಸಿ, ಕುದಿನೀರಿನಲ್ಲಿ ಒಗೆದು, ತಾತ್ಕಾಲಿಕ ಶೆಡ್ಡುಗಳ ಹೆಣ್ಣುಮಕ್ಕಳ ಜೊತೆ ಕೂತು ಹೊಲಿದೆವು. ಸಂತ್ರಸ್ತರು ಎನಿಸಿಕೊಂಡವರೇ ಪಕ್ಕದ ಶೆಡ್ಡಿನ ಕೂಸಿಗೆ ಕೌದಿ ಕೊಟ್ಟರು. ಅದೇ ಬಟ್ಟೆ, ಆದರೆ ಕೈ ಬದಲಾಗಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಊರೊಳಗೆ ಬಂದಾಗ ಹತ್ತು ವರ್ಷದ ಹಿಂದಿನ ಪಟ್ಟಿಯಿದ್ದ ಒಂದು ಕೌದಿಯನ್ನು ಗಂಜಿಕೇಂದ್ರದಲ್ಲಿ ಕಂಡೆ. ನೀರು ಏರಿದಾಗ ಆ ತಾಯಿ ರೇಷನ್ ಕಾರ್ಡಿನ ಜೊತೆ ಅದನ್ನೂ ಎತ್ತಿಕೊಂಡು ಓಡಿದ್ದಳು. ಪರಿಹಾರವಾಗಿ ಹಂಚುವ ಕಂಬಳಿಗಳಲ್ಲಿ ಅನೇಕವು ಪಾಣಿಪತ್ತಿನ ಗಿರಣಿಗಳಲ್ಲಿ ಹಳೆ ಬಟ್ಟೆಯನ್ನೇ ಚಿಂದಿಮಾಡಿ ನೂತಂಥವು. ಅವೂ ಚಳಿ ತಡೆಯುತ್ತವೆ, ಆದರೆ ಅಂಥ ಕಂಬಳಿಯನ್ನು ಎತ್ತಿಕೊಂಡು ಓಡಿದವರನ್ನು ನಾನು ಕಂಡಿಲ್ಲ.

ಇದೇ ಕಾಲದಲ್ಲಿ ಉತ್ತರ ಕನ್ನಡದಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿಯರ ಕೌದಿ, ಅಂದರೆ ಕವಂದಿ, ಹೊರಜಗತ್ತಿಗೆ ಪರಿಚಯವಾಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಯುತ್ತ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ವರ್ಷಗಟ್ಟಲೆ ಅವರ ನಡುವೆ ಓಡಾಡಿ, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವಾಗುವಂತೆ ಮಾಡಿದರು. ಆ ಗೌರವ ಸಿದ್ದಿಯರಿಗೆ ಸಲ್ಲಲೇಬೇಕಾದದ್ದು. ಆಮೇಲೆ ಬರೆದವರಲ್ಲಿ ಕೆಲವರು ಮಾತ್ರ ಕವಂದಿಯ ಬಣ್ಣಗಳಲ್ಲಿ ಆಫ್ರಿಕಾವನ್ನಷ್ಟೇ ಹುಡುಕಿದರು. ಆ ಕವಂದಿ ಮೊಮ್ಮಗುವಿಗೆಂದು ಅಜ್ಜಿ ಹೊಲಿದದ್ದು ಎಂಬ ಸಂಗತಿ ಅಡಿಟಿಪ್ಪಣಿಗೆ ಸರಿಯಿತು. ಮೂಲ ಹುಡುಕುವ ಕಣ್ಣಿಗೆ ಮಡಿಲು ಕಾಣಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಹತ್ತಿಯ ಸೀರೆ ಉಡುವವರು ಕಡಿಮೆಯಾಗಿದ್ದಾರೆ. ಪಾಲಿಯೆಸ್ಟರ್ ದಬ್ಬಣದ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಕೂಸಿನ ಮೈಗೆ ಆಗಿಬರುವುದಿಲ್ಲ. ಹೊಸ ಬಟ್ಟೆಯನ್ನೇ ಕತ್ತರಿಸಿ ಮಷೀನಿನಲ್ಲಿ ಹೊಲಿದ ‘ಕೌದಿ’ ಅಂಗಡಿಗಳಲ್ಲಿದೆ. ಅದು ಅಂದವಾದ ಹೊದಿಕೆ, ಕೌದಿಯಲ್ಲ. ಯಾರೂ ಉಡದ ಬಟ್ಟೆಗೆ ಹೇಳಲು ಏನೂ ಇರುವುದಿಲ್ಲ.

ಬರೆಯದೆ ಉಳಿದದ್ದು ಬಹಳ. ಕೂಲಿಗೆ ಹೊಲಿದ ಅಲೆಮಾರಿ ಹೆಣ್ಣುಮಕ್ಕಳ ಕೈಚಳಕದ ಬಗ್ಗೆ ಒಂದು ನೆಟ್ಟಗಿನ ಅಧ್ಯಯನ ನನ್ನ ಕಣ್ಣಿಗೆ ಬಿದ್ದಿಲ್ಲ; ನಾವೂ ಆ ಕೆಲಸ ಮಾಡಲಿಲ್ಲ. ವಿಜಯಪುರ, ಕಲಬುರಗಿಯ ಮುಸ್ಲಿಂ ಮನೆಗಳ ಕೌದಿಗಳನ್ನು ನಮ್ಮ ಗುಂಪು ನೋಡಿದ್ದು ಬೆರಳೆಣಿಕೆಯಷ್ಟು. ಕತ್ತರಿಸಿ ಉಳಿದ ತುಂಡುಗಳನ್ನು ಗಂಟುಕಟ್ಟಿ ಪುಕ್ಕಟೆ ಕೊಡುತ್ತಿದ್ದ ಊರ ದರ್ಜಿಗಳ ಪಾಲು ಎಲ್ಲೂ ದಾಖಲಾಗಿಲ್ಲ. ನಾನು ನೋಡಿದ ಸಂಗ್ರಹಗಳಲ್ಲಿ ಕೌದಿಯ ಕೆಳಗೆ ಜಿಲ್ಲೆಯ ಹೆಸರಿತ್ತು, ಹೊಲಿದವಳದಿರಲಿಲ್ಲ. ಕೊಟ್ಟವರನ್ನೂ ಪಡೆದವರನ್ನೂ ಬಿಟ್ಟು ಬರೆದ ಕೌದಿಯ ಚರಿತ್ರೆ ಬರೀ ಬಟ್ಟೆಯ ಚರಿತ್ರೆ.

ನಿಮ್ಮ ಮನೆಯ ಅಟ್ಟದ ಮೇಲೋ ಟ್ರಂಕಿನಲ್ಲೋ ಒಂದು ಕೌದಿ ಇದ್ದೀತು. ಈ ಮಹಾನವಮಿಗೆ ಅದನ್ನು ಕೆಳಗಿಳಿಸಿ ಒಗೆಯಿರಿ. ಮನೆಯ ಹಿರಿಯಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳಿ: ಇದು ಯಾರದು, ಯಾರು ಹೊಲಿದರು, ಯಾರಿಗಾಗಿ ಹೊಲಿದರು? ಆಕೆ ಹೇಳಿದ್ದನ್ನು ಬಿಳಿ ಪಟ್ಟಿಯ ಮೇಲೆ ಬರೆದು ಹಿಂಬದಿಗೆ ಹೊಲಿಯಿರಿ. ಮುಂದಿನ ವರ್ಷಕ್ಕೆ ಬೇಡ, ಈ ವರ್ಷವೇ ಕೇಳಿ. ನಾನು ತಡಮಾಡಿದ್ದರಿಂದ ನಮ್ಮ ಆಯಿಯ ಕೌದಿಯ ಹನ್ನೊಂದು ತುಂಡುಗಳು ಯಾರವೆಂದು ಹೇಳುವವರು ಈಗ ಉಳಿದಿಲ್ಲ.