ಐದು ವಾಟಿನ ಟಿಕ್ ಟಿಕ್

ನಮ್ಮಪ್ಪನ ಮಳೆ ಲೆಕ್ಕ ಇಂಚು-ಸೆಂಟಿನದು. ಶೃಂಗೇರಿ ಕಡೆಯ ನಮ್ಮ ತೋಟದಂಗಳದಲ್ಲಿ ಮಳೆ ಅಳೆಯುವ ಡಬ್ಬಿಯಿತ್ತು. ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಮಳೆ ನಕ್ಷತ್ರದ ಹೆಸರಿನೆದುರು ಬರೆಯುತ್ತಿದ್ದರು: ಆರಿದ್ರೆ, 2 ಇಂಚು 40 ಸೆಂಟ್. ನಿನ್ನೆ ಬಿದ್ದದ್ದು ಹೀಗೆ ತಿಳಿಯುತ್ತಿತ್ತು. ಸಮುದ್ರದ ಮೇಲೆ ಈಗ ಏನು ಎದ್ದಿದೆ ಅನ್ನುವುದಕ್ಕೆ ರೇಡಿಯೋ ವಾರ್ತೆಯೇ ಗತಿ. ‘ಕೆಲವೆಡೆ ಭಾರೀ ಮಳೆ’ ಅಂತ ಬಂದರೆ, “ಆ ಕೆಲವೆಡೆ ಅಂದ್ರೆ ನಮ್ಮನೆಯೇ ಮಾರಾಯ” ಅನ್ನುತ್ತಿದ್ದರು.

ಆ ಹೊತ್ತಿಗೆಲ್ಲ ಮೋಡದ ಚಿತ್ರ ನಮ್ಮ ಹೆಂಚಿನ ಮೇಲೇ ಬಂದು ಬೀಳುತ್ತಿತ್ತಂತೆ. ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

1960ರಲ್ಲಿ ಹಾರಿದ ಅಮೆರಿಕದ ಹವಾಮಾನ ಉಪಗ್ರಹ ಟೈರೋಸ್-1 ಚಿತ್ರಗಳನ್ನು ಟೇಪಿನಲ್ಲಿ ಇಟ್ಟುಕೊಂಡು, ತನ್ನವರ ನೆಲೆ ಬಂದಾಗ ಇಳಿಸುತ್ತಿತ್ತು. ಉಳಿದ ದೇಶಗಳಿಗೆ ಸಿಗುತ್ತಿದ್ದದ್ದು ತಂಗಳು. 1963ರ ಡಿಸೆಂಬರ್ 21ರಂದು ಹೋದ ಟೈರೋಸ್-8ರಲ್ಲಿ ಹೊಸದೊಂದು ಏರ್ಪಾಟು ಇತ್ತು, ಆಟೋಮ್ಯಾಟಿಕ್ ಪಿಕ್ಚರ್ ಟ್ರಾನ್ಸ್‌ಮಿಷನ್. ಚುಟುಕಾಗಿ ಎಪಿಟಿ. ಕಂಡದ್ದನ್ನು ಆಗಿಂದಾಗಲೇ ಕೆಳಗಿದ್ದವರಿಗೆಲ್ಲ ರೇಡಿಯೋದಲ್ಲಿ ಕಳಿಸುವುದು. ಅರ್ಜಿಯಿಲ್ಲ, ಚಂದಾ ಇಲ್ಲ, ಗುಟ್ಟಿನ ಲಿಪಿಯಿಲ್ಲ. ಹಿಂದೂ ಮಹಾಸಾಗರದ ಅಂತಾರಾಷ್ಟ್ರೀಯ ಅಧ್ಯಯನಕ್ಕೆಂದು ಆ ದಶಕದಲ್ಲೇ ಬೊಂಬಾಯಿಯಲ್ಲೂ ಇಂಥ ರಿಸೀವರ್ ಕೂತಿತ್ತು. ಸಣ್ಣ ಕಚೇರಿಗೂ ನಿಲುಕಲಿ ಅಂತ ಸರಳವಾಗಿ ಮಾಡಿದ್ದರು. ಅದೇ ಬಾಗಿಲಿನಿಂದ ಹವ್ಯಾಸಿಗಳೂ ಒಳಗೆ ಬಂದರು. ಅಮೆರಿಕದ ಹ್ಯಾಮ್ ರೇಡಿಯೋದವರು ಗುಜರಿ ಫ್ಯಾಕ್ಸ್ ಯಂತ್ರದಲ್ಲಿ, ಆಸಿಲೋಸ್ಕೋಪಿನ ಪರದೆಯ ಮೇಲೆ ಗೆರೆ ಗೆರೆಯಾಗಿ ಮೋಡ ಮೂಡಿಸಿಕೊಂಡರು. ಆ ಸಹನೆ ನೆನೆದರೆ ಅಡಿಕೆ ಸುಲಿಯುವವರ ನೆನಪಾಗುತ್ತದೆ.

ನನ್ನಂಥವರ ಸರದಿ ಬಂದದ್ದು 2012ರ ನಂತರ. ಟಿವಿ ನೋಡಲೆಂದು ಮಾಡಿದ ಅಗ್ಗದ ಯುಎಸ್‌ಬಿ ಡಾಂಗಲ್ಲು ವಿಮಾನದವರ ಮಾತಿನಿಂದ ಹಿಡಿದು ಉಪಗ್ರಹದವರೆಗೆ ಎಲ್ಲಕ್ಕೂ ಕಿವಿಗೊಡುತ್ತದೆ ಅಂತ ಅಷ್ಟರಲ್ಲಿ ಪತ್ತೆಯಾಗಿತ್ತು. ಹಳೇ ಆಂಟೆನಾದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 53 ಸೆಂಟಿಮೀಟರಿಗೆ ಕೊಯ್ದು, 120 ಡಿಗ್ರಿ ಅಗಲಿಸಿ ರೀಪಿಗೆ ಬಿಗಿದೆ. ಮೊದಲನೆಯದನ್ನು ಮಂಗಗಳು ಮುರಿದವು. ಎರಡನೆಯದನ್ನೂ ಮುರಿದವು. ಮೂರನೆಯದು ಉಳಿಯಿತು, ಕಾರಣ ಮಂಗಗಳಿಗೇ ಗೊತ್ತು.

137 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ, ಸುಮಾರು 850 ಕಿಲೋಮೀಟರ್ ಮೇಲಿಂದ ಅಮೆರಿಕದ್ದೇ ಎಪಿಟಿ ಉಪಗ್ರಹ ನೋವಾ-19 ದನಿಗೊಡುತ್ತಿತ್ತು. ಅದರ ಶಕ್ತಿ ಐದು ವಾಟ್, ದೇವರ ಕೋಣೆಯ ಬಲ್ಬಿನಷ್ಟು. ಮೊದಲು ಸೊರಸೊರ, ಅದರೊಳಗಿಂದ ಸಣ್ಣ ಸಿಳ್ಳು, ಆಮೇಲೆ ಟಿಕ್ ಟಿಕ್. ಸೆಕೆಂಡಿಗೆ ಎರಡು ಟಿಕ್, ಟಿಕ್ಕಿಗೊಂದು ಗೆರೆ. ಸಂಜೆಯದು ತೆಂಕಣದಿಂದ ಬಡಗಣಕ್ಕೆ ಹೋಗುವ ಸವಾರಿ. ಮೊದಲು ಶ್ರೀಲಂಕಾ, ಆಮೇಲೆ ಕನ್ಯಾಕುಮಾರಿ. ಕಾಲು ಗಂಟೆಯೊಳಗೆ ಮನೆ ಹಿಂದಿನ ಗುಡ್ಡ ಅದನ್ನು ನುಂಗುತ್ತಿತ್ತು. ಅಡಿಕೆ ಮರದ ಮರೆಗೆ ಸರಿದರೆ ದನಿಯಲ್ಲೇ ತಿಳಿಯುತ್ತಿತ್ತು.

2021ರ ಮೇ 16ರಂದು, ಲಾಕ್‌ಡೌನ್ ನಡುವೆ, ಗೋವಾದ ಎದುರಿನ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಸುರುಳಿ ಸುತ್ತಿಕೊಂಡು ನಿಂತದ್ದನ್ನು ಕಂಡೆ. ಕರೆಂಟಿರಲಿಲ್ಲ, ನೆಟ್‌ವರ್ಕ್ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದ ಚೂರು ಬ್ಯಾಟರಿಯಲ್ಲಿ ಚಿತ್ರ ಇಳಿಯಿತು.

ಈಗ ಪಂಚಾಯಿತಿಗೊಂದು ಟೆಲಿಮೆಟ್ರಿಕ್ ಮಳೆಮಾಪಕವಿದೆ. ಅಂಕಿ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ನಮ್ಮ ಫೋನಿಗೆ ಬರುತ್ತದೆ. ಒಳ್ಳೆಯದೇ. ಟವರ್ ಬಿದ್ದ ದಿನ ಮಾತ್ರ ಮನೆಯ ಡಬ್ಬಿಯೇ ದಿಕ್ಕು.

2025ರ ಜೂನ್‌ನಲ್ಲಿ ನೋವಾ-18ನ್ನು ನಿಲ್ಲಿಸಿದರು. ಆಗಸ್ಟ್ 13ಕ್ಕೆ ನೋವಾ-19, 19ಕ್ಕೆ 27 ವರ್ಷದ ಮುದುಕ ನೋವಾ-15. ರಷ್ಯಾದ ಮೆಟಿಯೋರ್ ಈಗಲೂ ಅದೇ ತರಂಗದಲ್ಲಿ ಪುಕ್ಕಟೆ ಚಿತ್ರ ಕಳಿಸುತ್ತದೆ, ಇವಕ್ಕಿಂತ ಸ್ಪಷ್ಟವಾಗಿ. ಅದು ಡಿಜಿಟಲ್, ಕಿವಿಗೆ ಬರೀ ಸೊರಸೊರ.

ಆಗಸ್ಟ್ 20ರ ಸಂಜೆ ಅಭ್ಯಾಸಬಲದಿಂದ ಹೆಡ್‌ಫೋನ್ ಹಾಕಿಕೊಂಡು ಕೂತೆ. ಗುಡ್ಡದಾಚೆ ಹೋಗುವಷ್ಟು ಹೊತ್ತು ಕಾದು ತೆಗೆದಿಟ್ಟೆ. ಮಾರನೇ ಬೆಳಿಗ್ಗೆ ಎಂಟೂವರೆಗೆ ಡಬ್ಬಿ ಅಳೆದು ಅಪ್ಪನ ನೋಟ್‌ಬುಕ್ಕಿನಲ್ಲಿ ಬರೆದೆ: ಮಘೆ, 1 ಇಂಚು 15 ಸೆಂಟ್.