ಹದಿನಾರರ ಲೆಕ್ಕ

ಮುಂಬ್ರಾ, ಠಾಣೆಯ ಕಡೆ ಎತ್ತರದ ಕಟ್ಟಡದ ಸಜ್ಜೆಯಡಿ ಹೆಜ್ಜೇನು ಗೂಡು ಕಟ್ಟಿದರೆ ಸೊಸೈಟಿಯವರು ಮೊದಲು ಕರೆಯುವುದು ಪೆಸ್ಟ್ ಕಂಟ್ರೋಲ್‌ನವರನ್ನು. ಅದೇ ರೈಲು ಹಳಿಯ ಮೇಲೆ ಕಲ್ಯಾಣ ದಾಟಿ, ಘಾಟಿ ಹತ್ತಿದರೆ ಪುಣೆ. 1950ರ ದಶಕದಲ್ಲಿ ಅಲ್ಲೊಬ್ಬ ವಿಜ್ಞಾನಿ ಜೇನುನೊಣಗಳ ಜೀವಕೋಶದೊಳಗಿನ ವರ್ಣತಂತುಗಳನ್ನು ಎಣಿಸುತ್ತಿದ್ದರು. ಅವರ ಹೆಸರು ಜಿ. ಬಿ. ದೇವಡೀಕರ್.

ದೇವಡೀಕರ್ ಮೂಲತಃ ಜೀವಕೋಶ ತಳಿವಿಜ್ಞಾನದವರು. 1946ರಲ್ಲಿ ಪುಣೆಯಲ್ಲಿ ಹುಟ್ಟಿದ ಮಹಾರಾಷ್ಟ್ರ ವಿಜ್ಞಾನವರ್ಧಿನಿ ಅವರ ಕಾರ್ಯಕ್ಷೇತ್ರ. ಜೇನುಸಾಕಣೆಯನ್ನು ಗ್ರಾಮೋದ್ಯೋಗವಾಗಿ ಬೆಳೆಸಬೇಕೆಂಬ ಉತ್ಸಾಹದ ಕಾಲವದು. ಮಹಾಬಳೇಶ್ವರದಲ್ಲಿ ಜೇನಿನ ಪ್ರಯೋಗಶಾಲೆ ಶುರುವಾಯಿತು. 1962ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಪುಣೆಯಲ್ಲಿ ಕೇಂದ್ರ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಯನ್ನು ತೆರೆಯಿತು. ಅದರ ಆರಂಭದ ಸಂಶೋಧನೆಗೆ ದಿಕ್ಕು ತೋರಿದವರಲ್ಲಿ ದೇವಡೀಕರ್ ಪ್ರಮುಖರು.

ವರ್ಣತಂತು ಎಣಿಸಿ ಜೇನುಸಾಕಣೆಗೆ ಏನು ಲಾಭ? ಜೇನಿನಲ್ಲಿ ಗಂಡು ಹುಟ್ಟುವ ಬಗೆಯೇ ಬೇರೆ. ರಾಣಿ ಇಟ್ಟ ಮೊಟ್ಟೆ ಫಲಿತವಾದರೆ ಹೆಣ್ಣು, ಫಲಿತವಾಗದಿದ್ದರೆ ಗಂಡು. ಅಂದರೆ ಗಂಡಿಗೆ ತಾಯಿಯುಂಟು, ತಂದೆಯಿಲ್ಲ. 1845ರಲ್ಲೇ ಯೋಹಾನ್ ಜೀರ್ಜೋನ್ ಎಂಬ ಪಾದ್ರಿ ಇದನ್ನು ಹೇಳಿದ್ದ. ಹಾಗಾಗಿ ಗಂಡಿನ ಜೀವಕೋಶದಲ್ಲಿ ಹೆಣ್ಣಿನ ಅರ್ಧದಷ್ಟೇ ವರ್ಣತಂತುಗಳಿರಬೇಕು. 1959ರಲ್ಲಿ ದೇವಡೀಕರ್, ಠಾಕರ್ ಮತ್ತು ಶಹಾ ನಮ್ಮ ತುಡುವೆ ಜೇನಿನ ಲೆಕ್ಕವನ್ನು ಪ್ರಕಟಿಸಿದರು: ಗಂಡಿನಲ್ಲಿ 16, ಹೆಣ್ಣಿನಲ್ಲಿ 32. ಯುರೋಪಿನ ಜೇನಿನದೂ ಅದೇ ಸಂಖ್ಯೆ.

ಮುಂದಿನ ಹೆಜ್ಜೆಯಲ್ಲಿ ಲೆಕ್ಕ ತಪ್ಪಿತು. ಹೆಜ್ಜೇನು ಮತ್ತು ಕೋಲ್ಜೇನುಗಳಲ್ಲಿ ಮೂಲಸಂಖ್ಯೆ 8 ಮಾತ್ರ, ಅದು ಇಮ್ಮಡಿಯಾಗಿ ತುಡುವೆಯೂ ಯುರೋಪಿನ ಜೇನೂ ಬಂದವು ಎಂದು ಪುಣೆಯವರು ವಾದಿಸಿದರು. ಬಯಲಲ್ಲಿ ಗೂಡು ಕಟ್ಟುವವು ಹಳೆಯವು, ಪೊಟರೆಯಲ್ಲಿ ಕಟ್ಟುವವು ಹೊಸವು ಎಂಬ ಚಂದದ ವಂಶಕಥೆ ಇದರಿಂದ ಸಿದ್ಧವಾಗುತ್ತಿತ್ತು. 1977ರಲ್ಲಿ ಜರ್ಮನಿಯ ಫಾರೆನ್‌ಹಾರ್ಸ್ಟ್ ನಾಲ್ಕೂ ಜಾತಿಗಳನ್ನು ಮತ್ತೆ ಪರೀಕ್ಷಿಸಿದಾಗ ಎಲ್ಲದರಲ್ಲೂ 16 ಸಿಕ್ಕಿತು. ಇಮ್ಮಡಿಯ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ತುಡುವೆ ಮತ್ತು ಯುರೋಪಿನ ಜೇನು ಹತ್ತಿರದ ನಂಟರು ಎಂಬ ಮಾತು ಬೇರೆ ಪುರಾವೆಗಳಿಂದ ಉಳಿದುಕೊಂಡಿತು.

ಆ ನಂಟಿಗೆ ಬೆಲೆಯೂ ಇತ್ತು. ತುಡುವೆಯ ಮೇಲೆ ಬದುಕುವ ವರೋವಾ ನುಸಿ ಅದರ ಗಂಡುಮರಿಗಳ ಕೋಶದಲ್ಲಷ್ಟೇ ಸಂತಾನ ಬೆಳೆಸುತ್ತದೆ. ನೊಣಗಳೂ ಪರಸ್ಪರ ಮೈ ತಡಕಿ ಅದನ್ನು ಕಿತ್ತೆಸೆಯುತ್ತವೆ. ಸಾವಿರಾರು ವರ್ಷಗಳ ಸಹವಾಸದ ಒಪ್ಪಂದವಿದು. ಮನುಷ್ಯ ಎರಡೂ ಜೇನುಗಳನ್ನು ಅಕ್ಕಪಕ್ಕ ಸಾಕತೊಡಗಿದಾಗ ನುಸಿ ಯುರೋಪಿನ ಜೇನಿಗೆ ದಾಟಿ, ಅಲ್ಲಿ ಕೆಲಸಗಾರ ನೊಣಗಳ ಕೋಶಕ್ಕೂ ನುಗ್ಗಿತು. ಭಾರತದಲ್ಲಿ ಆ ಜೇನು ನೆಲೆಯೂರಿದ್ದು 1962ರ ನಂತರ, ಹಿಮಾಲಯದ ತಪ್ಪಲಿನ ನಗ್ರೋಟಾ ಬಗ್ವಾನ್‌ನಲ್ಲಿ.

ತುಡುವೆಗೆ ಬಂದ ಆಪತ್ತು ಬೇರೆ. 1976ರಲ್ಲಿ ಥಾಯ್ಲೆಂಡಿನಲ್ಲಿ ಕಂಡ ಥಾಯ್ ಸ್ಯಾಕ್‌ಬ್ರೂಡ್ ವೈರಸ್ 1978ರಲ್ಲಿ ಮೇಘಾಲಯದಲ್ಲಿ ಪತ್ತೆಯಾಯಿತು. 1991–92ರ ಹೊತ್ತಿಗೆ ದಕ್ಷಿಣಕ್ಕೂ ಬಂತು. ರೋಗ ತಗುಲಿದ ಮರಿಹುಳು ಕೋಶಾವಸ್ಥೆಗೆ ಹೋಗಲಾರದೆ ತಲೆ ಮೇಲೆತ್ತಿಕೊಂಡು ಸಾಯುತ್ತದೆ. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತಾಡುತ್ತದೆ. ಕರ್ನಾಟಕ, ಕೇರಳಗಳಲ್ಲಿ ಸಾಕಿದ ತುಡುವೆ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ನಾಶವಾದವೆಂದು ದಾಖಲಾಗಿದೆ. ಕಾಫಿತೋಟದ ಜೇನಿಗೆ ಹೆಸರಾದ ಕೊಡಗಿನಲ್ಲಿ ಪೆಟ್ಟಿಗೆಗಳು ಖಾಲಿ ಬಿದ್ದವು. ಮಲೆನಾಡು, ಕರಾವಳಿಗಳಲ್ಲಿ ಅಡಿಕೆ ತೋಟದ ಮೂಲೆಯ ಎರಡು ಮೂರು ಪೆಟ್ಟಿಗೆಗಳಿಂದ ಮನೆಖರ್ಚಿಗೆ ನಾಲ್ಕು ಕಾಸು ನೋಡುತ್ತಿದ್ದವರಿಗೂ ಅದೇ ಗತಿ.

ಈ ವೈರಸ್ಸಿಗೆ ಔಷಧಿಯಿಲ್ಲ. ರಾಣಿಯನ್ನು ಕೆಲದಿನ ಗೂಡಿನಲ್ಲಿಟ್ಟು ಮೊಟ್ಟೆ ಇಡದಂತೆ ತಡೆಯಬಹುದು, ಹಳೆಯ ಎರಿ ತೆಗೆಯಬಹುದು. ಉಳಿದ ದಾರಿ ಒಂದೇ: ಬದುಕುಳಿದ ಕುಟುಂಬಗಳಿಂದ, ಕಾಡಿನ ಪೊಟರೆಗಳಿಂದ ಮತ್ತೆ ಸಂತತಿ ಕಟ್ಟುವುದು. ನಂತರದ ವರ್ಷಗಳಲ್ಲಿ ತುಡುವೆ ಚೇತರಿಸಿಕೊಂಡದ್ದು ಹೀಗೆಯೇ.

ಇಲ್ಲಿ ತಳಿವಿಜ್ಞಾನ ಮತ್ತೆ ಬಾಗಿಲು ತಟ್ಟುತ್ತದೆ. ಜೇನಿನ ಲಿಂಗ ನಿರ್ಧರಿಸುವ ವಂಶವಾಹಿಯನ್ನು ವಿಜ್ಞಾನಿಗಳು 2003ರಲ್ಲಿ ಗುರುತಿಸಿದರು. ಫಲಿತ ಮೊಟ್ಟೆಗೆ ಅದರ ಎರಡು ಭಿನ್ನ ರೂಪಗಳು ಸಿಕ್ಕರೆ ಹೆಣ್ಣು ಹುಟ್ಟುತ್ತದೆ. ಒಂದೇ ರೂಪ ಎರಡು ಸಲ ಬಂದರೆ ಹುಟ್ಟುವುದು ಕೆಲಸಕ್ಕೆ ಬಾರದ ಗಂಡು, ಅದನ್ನು ಕೆಲಸಗಾರ ನೊಣಗಳೇ ತಿಂದುಹಾಕುತ್ತವೆ. ಆದ್ದರಿಂದ ಕೆಲವೇ ರಾಣಿಯರಿಂದ ಸಂತತಿ ಕಟ್ಟಿದರೆ ರೋಗ ತಡೆದ ಗುಣ ಸಿಕ್ಕರೂ ನಂಟರಲ್ಲೇ ಕೂಡಿಕೆಯಾಗಿ ಕುಟುಂಬ ಸೊರಗಬಹುದು. ಮರಿಯ ಎರಿಯಲ್ಲಿ ಅಲ್ಲಲ್ಲಿ ಬರಿದಾದ ಕೋಶಗಳು ಅದರ ಕುರುಹು.

ದೇವಡೀಕರ್ ಎಣಿಸಿದ 16 ಸರಿಯಾಗಿತ್ತು, 8 ತಪ್ಪಾಗಿತ್ತು. ಸಾಕುವವನಿಗೆ ಆ ಸಂಖ್ಯೆಗಳಿಗಿಂತ ಮುಖ್ಯವಾದ ಪಾಠ ಒಂದಿದೆ: ಪೆಟ್ಟಿಗೆಯ ಜೇನಿನ ಆರೋಗ್ಯ ಪೆಟ್ಟಿಗೆಯೊಳಗೆ ಮುಗಿಯುವುದಿಲ್ಲ. ರಾಣಿ ಹಾರಿಹೋಗಿ ಹಲವು ಗಂಡುಗಳನ್ನು ಕೂಡಲು ಸುತ್ತಲಿನ ಕಾಡಿನಲ್ಲಿ ಬೇರೆ ಬೇರೆ ಗೂಡುಗಳಿರಬೇಕು. ಹಳೆಯ ಮರ ಕಡಿದಾಗ ಅದರ ಪೊಟರೆಯ ಜೊತೆ ಹೋಗುವುದು ಆ ಗಂಡುಗಳ ತವರು.